ಕಣ್ಣೀರು ಯಾರಿಗೆ ಮೀಸಲು?



ಹೋದ ಭಾನುವಾರ ನಮ್ಮ ಬಳಗದಲ್ಲಿ ಒಂದು ಕೊರಿಯನ್ ಸಿನಿಮಾ ಹಾಕಿದ್ರು. ಕಿಮ್ ಕಿ-ಡುಕ್ ನಿರ್ದೇಶನದ ‘ಪಿಯೆಟಾ’. 2012ರಲ್ಲಿ ವೆನಿಸ್ ಚಿತ್ರೋತ್ಸವದ ಗೋಲ್ಡನ್ ಲಯನ್ ಗೆದ್ದ ಚಿತ್ರ. ಮುಗಿದು ಲೈಟ್ ಹಾಕಿದಾಗ ಇಬ್ಬರು ಮೂವರು ಕಣ್ಣು ಒರೆಸಿಕೊಳ್ತಿದ್ರು. ನನಗೆ ಒಂದು ಹನಿಯೂ ಬರಲಿಲ್ಲ. ‘ಏನಕ್ಕಾ, ನಿಮ್ಮೆದೆ ಕಲ್ಲಾ?’ ಅಂತ ಒಬ್ಬ ತಮ್ಮ ಕೇಳಿದ. ಆಗ ಉತ್ತರ ಹೊಳೀಲಿಲ್ಲ, ಈಗ ಬರೀತಿದೀನಿ. ಕತೆ ಪೂರ್ತಿ ಹೇಳಿಬಿಡ್ತೀನಿ, ಸಿನಿಮಾ ನೋಡಬೇಕು ಅಂತಿರೋರು ಇಲ್ಲಿಗೇ ನಿಲ್ಲಿಸಿ.

ಸೋಲ್ ನಗರದ ಚೊಂಗ್ಯೆಚೊನ್ ಹೊಳೆ ಹತ್ತಿರದ ಗಲ್ಲಿಗಳು. ಗೂಡಿನಂಥ ಅಂಗಡಿಗಳಲ್ಲಿ ಮಷೀನು ಇಟ್ಕೊಂಡು ಕಬ್ಬಿಣದ ಕೆಲಸ ಮಾಡೋ ಜನ. ಅವರು ಮೀಟರ್ ಬಡ್ಡಿ ಸಾಲ ತೀರಿಸದಿದ್ರೆ ಕೈನೋ ಕಾಲನ್ನೋ ಮುರಿದು, ಇನ್ಶೂರೆನ್ಸ್ ದುಡ್ಡು ವಸೂಲಿ ಮಾಡೋ ಆಳು ಕಾಂಗ್-ಡೊ. ಒಬ್ಬ ಹೆಂಗಸು ಬಂದು ‘ನಾನೇ ನಿನ್ನ ಹೆತ್ತವಳು’ ಅಂತಾಳೆ. ಅವನು ನಿಧಾನಕ್ಕೆ ಕರಗ್ತಾನೆ. ನಿಜದಲ್ಲಿ ಅವಳು, ಇವನಿಂದ ಹಾಳಾಗಿ ಸತ್ತ ಒಬ್ಬ ಕೆಲಸಗಾರನ ತಾಯಿ. ಸೇಡಿಗೆ ಬಂದವಳು.

ಆ ತಾಯಿ ಪಾತ್ರದ ಚೋ ಮಿನ್-ಸು ನಟನೆಗೆ ಕೈ ಮುಗಿಯಬೇಕು. ಆದ್ರೆ ಈ ಸಿನಿಮಾ ನಮ್ಮನ್ನ ಯಾರಿಗೋಸ್ಕರ ಅಳು ಅನ್ನುತ್ತೆ? ಕೈ ಮುರಿದವನಿಗೋಸ್ಕರ! ಅವನ ಒಂಟಿತನ, ಅವನ ತಬ್ಬಲಿತನ, ಅವನ ಪಶ್ಚಾತ್ತಾಪ. ಕೈ ಕಳಕೊಂಡವರು ಬರ್ತಾರೆ, ಕಿರುಚ್ತಾರೆ, ಹೋಗ್ತಾರೆ. ಹುಟ್ಟಲಿರೋ ಮಗುವಿಗೆ ದುಡ್ಡಾಗಲಿ ಅಂತ ತನ್ನ ಕೈಗಳನ್ನೇ ಕೊಡೋಕೆ ಮುಂದಾಗೋ ಒಬ್ಬ ಹುಡುಗ ಇದ್ದಾನೆ, ಗಿಟಾರ್ ನುಡಿಸೋನು. ಅಲ್ಲೊಂದು ಕಡೆ ನನ್ನ ಗಂಟಲು ಕಟ್ತು. ಅಷ್ಟರಲ್ಲಿ ಕ್ಯಾಮೆರಾ ಮತ್ತೆ ಕಾಂಗ್-ಡೊ ಹಿಂದೆ ಹೋಯ್ತು.

ನಾನು ಆಫೀಸಲ್ಲಿ ಎಫ್‌ಡಿಎ. ಪರಿಹಾರದ ಅರ್ಜಿಗಳು ನನ್ನ ಟೇಬಲ್ಲಿಗೂ ಬರ್ತವೆ. ಹೆಸರು, ವಯಸ್ಸು, ಯಾವ ಅಂಗ, ಎಷ್ಟು ಪರ್ಸೆಂಟ್, ಎಷ್ಟು ಮೊತ್ತ. ಟಿಪ್ಪಣಿ ಹಾಳೇಲಿ ಅದಕ್ಕಿಂತ ಹೆಚ್ಚಿಗೆ ಬರೆಯೋಕೆ ಜಾಗ ಇರಲ್ಲ. ಈ ಸಿನಿಮಾನೂ ಆ ಜನರನ್ನ ಹಾಗೇ ನೋಡಿದೆ. ಹೊರಗಿನವರು ತೆಗೆದಿದ್ರೆ ಬಿಡಬಹುದಿತ್ತು, ಕಿಮ್ ಹದಿಹರೆಯದಲ್ಲಿ ತಾವೇ ಫ್ಯಾಕ್ಟರಿಗಳಲ್ಲಿ ದುಡಿದವರು.

ಅದಿರಲಿ, ಈ ಗಲ್ಲಿಯಲ್ಲಿ ಯಾರೂ ಯಾರ ಜೊತೆನೂ ಮಾತಾಡಲ್ಲ. ಒಬ್ಬನ ಕೈ ಮುರಿದ್ರೆ ಪಕ್ಕದ ಅಂಗಡಿಯವನು ಬರಲ್ಲ. ನಾವು ಕಂಡ ಯಾವ ಕೇರಿ ಹೀಗಿದೆ ಹೇಳಿ? ಜಗಳ ಆಡ್ತೀವಿ, ಆದ್ರೆ ಸಾವಿನ ಮನೆಗೆ ಹೋಗದೇ ಇರ್ತೀವಾ?

ಚೊಂಗ್ಯೆಚೊನ್ ಕೂಡ ಹಾಗಿರಲಿಲ್ಲ. ಅದೇ ಹೊಳೆ ಪಕ್ಕದ ಪ್ಯೊಂಗ್ಹ್ವಾ ಮಾರುಕಟ್ಟೆಯ ಗಾರ್ಮೆಂಟ್ಸಿನಲ್ಲಿ ಚೊನ್ ಟೇ-ಇಲ್ ಅನ್ನೋ ಹುಡುಗ ದುಡೀತಿದ್ದ. ಹಸಿದ ಹೆಣ್ಣುಮಕ್ಕಳಿಗೆ ತನ್ನ ಬಸ್ ಚಾರ್ಜಿನ ದುಡ್ಡಲ್ಲಿ ಬನ್ನು ಕೊಡಿಸಿ, ತಾನು ನಡೆದು ಮನೆಗೆ ಹೋಗ್ತಿದ್ದ. 1970ರ ನವೆಂಬರ್ 13ರಂದು ಜಾರಿಯಾಗದ ಕಾರ್ಮಿಕ ಕಾಯ್ದೆಯ ಪುಸ್ತಕದ ಜೊತೆ ತನಗೂ ಬೆಂಕಿ ಹಚ್ಚಿಕೊಂಡ. ವಯಸ್ಸು 22. ಬಾಬಾಸಾಹೇಬರು 1927ರಲ್ಲಿ ಮಹಾಡ್‌ನಲ್ಲಿ ಸುಟ್ಟಿದ್ದು ಮನುಷ್ಯರನ್ನ ಮನುಷ್ಯರಲ್ಲ ಅಂದ ಮನುಸ್ಮೃತಿ. ಇವನು ಸುಟ್ಟಿದ್ದು ಕಾಗದದಲ್ಲೇ ಉಳಿದ ಒಳ್ಳೇ ಕಾನೂನು. ಅದರ ಉರಿ ನಮಗೆ ಬೇರೆ ಯಾರೂ ವಿವರಿಸಬೇಕಿಲ್ಲ.

ಅವನ ತಾಯಿ ಲೀ ಸೊ-ಸನ್. ಮಗನಿಗೆ ಕೊಟ್ಟ ಮಾತಿನಂತೆ ಸಂಘಟನೆಗೆ ಇಳಿದರು, ಜೈಲಿಗೆ ಹೋದರು. ಕೊರಿಯಾದ ಕಾರ್ಮಿಕರು ಅವರನ್ನ ಅಮ್ಮ ಅಂತಲೇ ಕರೆದರು. ಅವರು ತೀರಿಕೊಂಡಿದ್ದು 2011ರಲ್ಲಿ, ಈ ಸಿನಿಮಾ ಬಂದಿದ್ದು ಮರುವರ್ಷ. ಮಗನನ್ನ ಕಳಕೊಂಡ ಇಂಥ ಒಬ್ಬ ತಾಯಿ ಬದುಕಿದ್ದ ಜಾಗದಲ್ಲಿ, ಸಿನಿಮಾದ ತಾಯಿಗೆ ಮಾತಾಡಿಸೋಕೆ ಒಬ್ಬ ನೆರೆಯವಳೂ ಇಲ್ಲ.

ಚೊನ್ ಟೇ-ಇಲ್ ಮೇಲೆ ಪಾರ್ಕ್ ಕ್ವಾಂಗ್-ಸು 1995ರಲ್ಲಿ ‘ಎ ಸಿಂಗಲ್ ಸ್ಪಾರ್ಕ್’ ಅಂತ ಸಿನಿಮಾ ಮಾಡಿದ್ದಾರೆ. ಸಬ್‌ಟೈಟಲ್ ಇರೋ ಒಳ್ಳೇ ಪ್ರತಿ ಯಾರ ಹತ್ರ ಆದ್ರೂ ಇದ್ರೆ ತಿಳಿಸಿ. ಮುಂದಿನ ಸಲ ಅದನ್ನ ಹಾಕೋಣ. ಕಲ್ಲು ಅಂದ ತಮ್ಮ ಅವತ್ತು ನನ್ನ ಪಕ್ಕದಲ್ಲೇ ಕೂರಲಿ.