ತಾಳ ಬೆಸೆದ ಗೆಳೆತನ

ಮಕ್ಕಳು ಪಾಠ ಬಿಟ್ಟು ತಾಳ ಕುಟ್ಟುತ್ತ ಕುಳಿತರೆ ಹಿರಿಯರಾದ ನಾವು ಗದರುವುದುಂಟು. ಡೆನ್ಮಾರ್ಕಿನ ಬಾಲಕನೊಬ್ಬನ ವೃತ್ತಾಂತವು ನಮ್ಮನ್ನು ತುಸು ಯೋಚನೆಗೆ ಹಚ್ಚುವಂತಿದೆ.

ಲಾರ್ಸ್ ಉಲ್ರಿಚ್‌ನ ತಂದೆ ಟೋರ್ಬೆನ್ ಹೆಸರಾಂತ ಟೆನಿಸ್ ಆಟಗಾರರು. 1973ರಲ್ಲಿ ಒಂಬತ್ತರ ಹರೆಯದ ಲಾರ್ಸ್ ತಂದೆಯೊಡನೆ ಕೋಪನ್‌ಹೇಗನ್ನಿನಲ್ಲಿ ‘ಡೀಪ್ ಪರ್ಪಲ್’ ಎಂಬ ಇಂಗ್ಲಿಷ್ ರಾಕ್ ತಂಡದ ಕಚೇರಿಯನ್ನು ಕೇಳಿದನು. ಆ ನಾದದ ಗುಂಗು ಅವನನ್ನು ಬಿಡಲೇ ಇಲ್ಲ. ಮುಂದೆ ಅಜ್ಜಿಯೇ ಅವನಿಗೆ ಡ್ರಮ್ಮುಗಳನ್ನು ಕೊಡಿಸಿದರು.

1980ರಲ್ಲಿ ಟೆನಿಸ್ ಕಲಿಕೆಯ ಸಲುವಾಗಿ ಕುಟುಂಬವು ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಬಂದಿತು. ಶಾಲಾ ತಂಡದಲ್ಲಿ ಅವನಿಗೆ ಸ್ಥಾನ ದೊರೆಯಲಿಲ್ಲ. ಪರನಾಡು, ಪರಭಾಷೆ, ತನ್ನ ಮೆಚ್ಚಿನ ಸಂಗೀತವನ್ನು ಬಲ್ಲವರೂ ವಿರಳ. 1981ರಲ್ಲಿ ಅವನು ಪತ್ರಿಕೆಯೊಂದರಲ್ಲಿ ತನ್ನ ಒಲವಿನ ತಂಡಗಳನ್ನು ಹೆಸರಿಸಿ, ಜೊತೆಗಾರರು ಬೇಕೆಂದು ಪುಟ್ಟ ಜಾಹೀರಾತು ಕೊಟ್ಟನು. ಜೇಮ್ಸ್ ಹೆಟ್‌ಫೀಲ್ಡ್ ಎಂಬ ಗಿಟಾರ್ ವಾದಕನ ಪರಿಚಯವಾಯಿತು. ಮೊದಲ ಸಲ ವಾದನ ಹೊಂದಲಿಲ್ಲ. ಆದರೆ ಲಾರ್ಸ್‌ನ ಮನೆಯಲ್ಲಿದ್ದ ರೆಕಾರ್ಡುಗಳ ರಾಶಿಯನ್ನು ಕೇಳುತ್ತ ಕೇಳುತ್ತ ಸ್ನೇಹ ಬಲಿಯಿತು. ಅದೇ ವರ್ಷ ‘ಮೆಟಾಲಿಕಾ’ ಜನಿಸಿತು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನವೂ ಆ ಡ್ರಮ್ಮಿನ ಸದ್ದನ್ನು ಕೇಳಿತು. 2016ರಲ್ಲಿ ಡೀಪ್ ಪರ್ಪಲ್ ತಂಡಕ್ಕೆ ಅಮೆರಿಕದ ರಾಕ್ ಗೌರವಮಂದಿರದಲ್ಲಿ ಸ್ಥಾನ ಸಂದಾಗ, ಆ ತಂಡವನ್ನು ಸಭೆಗೆ ಪರಿಚಯಿಸಿದವರು ಅಂದಿನ ಆ ಬಾಲಕನೇ!

ಮನೆಯಲ್ಲೊಂದು ನುಡಿ, ಶಾಲೆಯಲ್ಲೊಂದು ನುಡಿ ಎಂಬಂತೆ ಬೆಳೆಯುವ ಗಡಿಯಾಚೆಯ ನಮ್ಮ ಮಕ್ಕಳೂ ಮನಸ್ಸಿಗೊಪ್ಪುವ ಸಂಗಾತಿಗಳನ್ನು ಅರಸುತ್ತಿರುತ್ತಾರೆ. ಅವರ ಒಲವು ಚೆಂಡೆಯಾಗಲಿ, ಡ್ರಮ್ಮಾಗಲಿ, ಗದರುವ ಮುನ್ನ ಒಮ್ಮೆ ಅವರ ಪಕ್ಕದಲ್ಲಿ ಕುಳಿತು ಕೇಳೋಣ.