ಸ್ಟೇರಿಂಗ್ ಹಿಡಿದು ತಪ್ಪು ಮಾಡಾಕ ಯಾರಿಗೆ ಬಿಡ್ತಾರ?



ಹೋದ ತಿಂಗಳು ನಮ್ಮ ಬಳಗದವರು ನನ್ನನ್ನ ನೋಡಿ ಭಾಳ ನಕ್ಕರು. ಕಾರಣ ಇಷ್ಟೇ. ನನ್ನ ತಂಗಿ ಮಗ ಕಂಪ್ಯೂಟರಿಗೆ ಜೋಡಿಸೋ ಸ್ಟೇರಿಂಗ್, ಪೆಡಲ್ ಬೇಕು ಅಂದ, ಹಳೇದು ಒಂದು ಸಿಕ್ಕಿತು, ಅರ್ಧ ರೊಕ್ಕ ನಾನು ಕೊಟ್ಟೆ. "ಕೇರಿಗಳಿಗೆ ಇನ್ನೂ ಸರಿಯಾಗಿ ನೀರಿಲ್ಲ, ದೌರ್ಜನ್ಯದ ಕೇಸು ಕೋರ್ಟಿನಾಗ ಕೊಳೀತಾವ, ನೀನು ಕಾರ್ ಆಟಕ್ಕ ರೊಕ್ಕ ಹಾಕ್ತೀಯಲ್ಲೋ ಮಾರಾಯ" ಅಂದರು. ಸಿಟ್ಟು ಬರಲಿಲ್ಲ. ಆದರೆ ಉತ್ತರ ಕೊಡಬೇಕು ಅನ್ನಿಸಿತು.

ಮೊದಲು ನನ್ನ ಕತಿ ಹೇಳ್ತೀನಿ. ಬಿಎ ಮುಗಿಸಿ ಕೆಲಸ ಇಲ್ಲದಾಗ ನಾನು ಒಂದು ಲಾರಿಯಲ್ಲಿ ಕ್ಲೀನರ್ ಆಗಿದ್ದೆ. ರಾತ್ರಿ ರಸ್ತೆ ಖಾಲಿ ಇದ್ದಾಗ ಡ್ರೈವರ್ ಸ್ಟೇರಿಂಗ್ ಕೊಡ್ತಿದ್ದ. ನೇರ ರಸ್ತೆಯಲ್ಲಿ ಓಡಿಸೋದು ಹಂಗೇ ಕಲಿತೆ, ದೊಡ್ಡ ಗಾಡಿಯ ಲೈಸೆನ್ಸೂ ಆಯ್ತು. ಆದರೆ ಗಾಡಿ ಹಿಂದಕ್ಕೆ ತಗೊಳ್ಳೋ ಹೊತ್ತಿಗೆ "ಇಳಿ, ಇಳಿ, ಗೀರು ಬಿದ್ದರ ಮಾಲಕ ಬಿಡಂಗಿಲ್ಲ" ಅಂತ ಇಳಿಸ್ತಿದ್ದರು. ತೊಳೆಯೋದು ನಾನು, ರಿವರ್ಸ್ ಹಾಕೋದು ಅವರು. ಮುಂದೆ ಚಾಲಕ ಹುದ್ದೆಯ ಪರೀಕ್ಷೆಗೆ ಹೋದೆ. ಟ್ರ್ಯಾಕಿನಲ್ಲಿ ಕಂಬಗಳ ನಡುವೆ ಹಿಂದಕ್ಕೆ ತಗೋ ಅಂದರು. ಎರಡು ಕಂಬ ಕೆಡವಿದೆ. ಫೇಲು. ನನಗೆ ಕೈ ಇರಲಿಲ್ಲ ಅಂತಲ್ಲ, ಆ ಕೈಗೆ ಅಭ್ಯಾಸ ಮಾಡಾಕ ಯಾರೂ ಜಾಗ ಕೊಟ್ಟಿರಲಿಲ್ಲ.

ಇದು ನನ್ನೊಬ್ಬನ ಕತಿ ಅಲ್ಲ. ನಮ್ಮ ಗದಗವೂ ಸೇರಿದ್ದ ಹಳೇ ಧಾರವಾಡ ಜಿಲ್ಲೆಯ ಮಣ್ಣಿನಲ್ಲೇ ಇದಕ್ಕೆ ದೊಡ್ಡ ಸಾಕ್ಷಿ ಇದೆ. ಪಲ್ವಂಕರ್ ಬಾಲೂ ಹುಟ್ಟಿದ್ದು 1876ರಲ್ಲಿ, ಧಾರವಾಡದಲ್ಲಿ. ಚಮ್ಮಾರ ಸಮುದಾಯ. ಪುಣೆಯ ಇಂಗ್ಲಿಷರ ಕ್ಲಬ್ಬಿನಲ್ಲಿ ಮೈದಾನ ನೋಡಿಕೊಳ್ಳೋ ಕೆಲಸ. ಗ್ರೇಗ್ ಅನ್ನೋ ಇಂಗ್ಲಿಷ್ ಆಟಗಾರನಿಗೆ ಬ್ಯಾಟಿಂಗ್ ಅಭ್ಯಾಸ ಬೇಕಿತ್ತು, ಬಾಲೂ ತಾಸುಗಟ್ಟಲೆ ಬೌಲಿಂಗ್ ಮಾಡಿದರು. ಹಂಗೇ ದೇಶದ ದೊಡ್ಡ ಎಡಗೈ ಸ್ಪಿನ್ನರ್ ಆದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಆದರೆ ಆ ನೆಟ್ಟಿನಲ್ಲಿ ಅವರ ಕೈಗೆ ಬ್ಯಾಟ್ ಕೊಡಲಿಲ್ಲ. ಹಿಂದೂ ತಂಡದಲ್ಲಿ ಆಡುವಾಗ ಚಹಾ ಹೊರಗೆ, ಮಣ್ಣಿನ ಕಪ್ಪಿನಲ್ಲಿ. ನಾಯಕನ ಪಟ್ಟ ಅವರಿಗೆ ಸಿಗಲೇ ಇಲ್ಲ, 1923ರಲ್ಲಿ ಅವರ ತಮ್ಮ ವಿಠಲನಿಗೆ ಸಿಕ್ಕಿತು. ಅಂದ್ರೆ ಉಳಿದವರಿಗೆ ಉಪಯೋಗ ಆಗೋ ಕೆಲಸದಲ್ಲಿ ನಮಗೆ ಅಭ್ಯಾಸ ಸಿಗ್ತದ. ನಮಗೇ ಬೇಕಾದ್ದರಲ್ಲಿ ಸಿಗೋದಿಲ್ಲ.

ಡ್ರೈವಿಂಗೂ ಹಂಗೇ. ನಮ್ಮ ಹುಡುಗರು ಟ್ರ್ಯಾಕ್ಟರ್, ಟಂಟಂ, ಜೆಸಿಬಿ, ಸಾಹೇಬರ ಕಾರು ಎಲ್ಲಾ ಓಡಿಸ್ತಾರ. ಸರ್ಕಾರವೂ ಐರಾವತ ಯೋಜನೆಯಲ್ಲಿ ಟ್ಯಾಕ್ಸಿಗೆ ಸಹಾಯಧನ ಕೊಟ್ಟಿತು, ಒಳ್ಳೇದೇ, ಎಷ್ಟೋ ಮನೆಗಳ ಒಲೆ ಅದರಿಂದ ಉರಿದಿದೆ. ಆದರೆ ಅದೇ ಹುಡುಗ "ನಾನು ರೇಸ್ ಟ್ರ್ಯಾಕಿನಲ್ಲಿ ಓಡಿಸಬೇಕು" ಅಂದರೆ ಎಲ್ಲಾರೂ ನಗ್ತಾರ. ನಮ್ಮವರೂ ನಗ್ತಾರ.

ರೇಸಿನಲ್ಲಿ ಅಭ್ಯಾಸ ಅಂದ್ರೆ ರೊಕ್ಕ. ಟೈರು, ಪೆಟ್ರೋಲು, ಟ್ರ್ಯಾಕ್ ಬಾಡಿಗೆ, ಹೊಡೆದರೆ ರಿಪೇರಿ. ಡೋಣಿಯಿಂದ ಚೆನ್ನೈಗೋ ಕೊಯಮತ್ತೂರಿಗೋ ಹೋಗಿ ಬರೋದೇ ಒಂದು ತಿಂಗಳ ಕೂಲಿ. ಅದಕ್ಕೇ ಈ ಮನೆಯ ಸಿಮ್ಯುಲೇಟರ್ ಸಣ್ಣ ಮಾತಲ್ಲ. ಹುಡುಗ ನನಗೆ ಕೂಡಿಸಿ ತೋರಿಸಿದ. ಟೈರಿನ ಹಿಡಿತಕ್ಕೆ ಒಂದು ಮಿತಿ ಇರ್ತದೆ, ಅದನ್ನೇ ಬ್ರೇಕಿಗೂ ತಿರುವಿಗೂ ಹಂಚಬೇಕು. ಪೂರ್ತಿ ಬ್ರೇಕ್ ಒತ್ತಿ ಸ್ಟೇರಿಂಗೂ ತಿರುವಿದರೆ ಗಾಡಿ ನೇರವೇ ಹೋಗ್ತದೆ. ಅದಕ್ಕೇ ಮೊದಲು ನೇರದಲ್ಲಿ ಗಟ್ಟಿ ಬ್ರೇಕ್, ತಿರುವು ಶುರುವಾದಂಗ ಕಾಲು ನಿಧಾನ ಬಿಡಬೇಕು, ಕಣ್ಣು ಮಾತ್ರ ತಿರುವಿನ ಆಚೆ ಇರಬೇಕು. ಒಂದೇ ತಿರುವನ್ನ ಐವತ್ತು ಸಲ ಮಾಡ್ತಾನ. ಪ್ರತಿ ಸುತ್ತಿನಲ್ಲಿ ಎಲ್ಲಿ ಬ್ರೇಕ್ ಒತ್ತಿದ, ಎಷ್ಟು ಒತ್ತಿದ ಅಂತ ಗೆರೆ ಎಳೆದು ಕಂಪ್ಯೂಟರೇ ತೋರಿಸ್ತದೆ.

ಇದರಿಂದ ನಿಜವಾದ ಟ್ರ್ಯಾಕಿಗೆ ಹೋದವರೂ ಇದ್ದಾರ. ಜಾನ್ ಮಾರ್ಡೆನ್‌ಬರೋ, ಬ್ರಿಟನ್ನಿನ ಕಪ್ಪು ಜನಾಂಗದ ಹುಡುಗ. ಗ್ರ್ಯಾನ್ ಟುರಿಸ್ಮೊ ಆಟ ಆಡಿ, 2011ರಲ್ಲಿ ನಿಸ್ಸಾನ್ ಕಂಪನಿಯ ಜಿಟಿ ಅಕಾಡೆಮಿ ಸ್ಪರ್ಧೆ ಗೆದ್ದ. 2013ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ತಾಸಿನ ರೇಸಿನಲ್ಲಿ ತಂಡದೊಂದಿಗೆ ತನ್ನ ವರ್ಗದಲ್ಲಿ ಮೂರನೇ ಸ್ಥಾನ.

ಆದರೆ ಅರ್ಧ ಸತ್ಯ ಹೇಳಬಾರದು. 2015ರಲ್ಲಿ ಜರ್ಮನಿಯ ನೂರ್‌ಬರ್ಗ್‌ರಿಂಗ್‌ನಲ್ಲಿ ಅವನ ಕಾರು ಗಾಳಿಗೆ ಎದ್ದು ಬೇಲಿ ದಾಟಿತು, ನೋಡಾಕ ಬಂದವರೊಬ್ಬರು ಸತ್ತರು. ಸಿಮ್ಯುಲೇಟರಿನಲ್ಲಿ ಒಂದು ಬಟನ್ ಒತ್ತಿದರೆ ಗಾಡಿ ಮತ್ತೆ ಹೊಸದು. ಮೈ ಒಂದು ಕಡೆ ಎಳೆಯೋದು, ಹೊಟ್ಟೆಯಲ್ಲಿ ಹೆದರಿಕೆ ಹುಟ್ಟೋದು ಅಲ್ಲಿ ಇಲ್ಲ. ನಮ್ಮ ಹುಡುಗನಿಗೆ ನನ್ನ ಷರತ್ತು ಒಂದೇ: ಇಲ್ಲಿ ಕಲಿತದ್ದನ್ನ ಗದಗ ರಸ್ತೆಯಲ್ಲಿ ತೋರಿಸಿದರೆ ಸ್ಟೇರಿಂಗ್ ಕಿತ್ತು ತಗೊಂಡು ಹೋಗ್ತೀನಿ. ರಸ್ತೆ ಟ್ರ್ಯಾಕ್ ಅಲ್ಲ. ಅಲ್ಲಿ ಶಾಲೆ ಮಕ್ಕಳು, ಕುರಿ ಹಿಂಡು ಬರ್ತಾವ.

ಹುಡುಗನಿಗೆ ಇಷ್ಟದ್ದು ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್. ಉದ್ದ 5.125 ಕಿಲೋಮೀಟರ್. ನಮ್ಮ ಪಕ್ಕದ ಡಂಬಳದಲ್ಲಿ ಬೌದ್ಧ ವಿಹಾರ ಇತ್ತು ಅಂತ 1095ರ ಶಾಸನ ಹೇಳ್ತದೆ ಅಂತ ನಾನಂದೆ, ಅವನು ನಕ್ಕ. 2011ರ ಅಕ್ಟೋಬರ್ 30ರಂದು ಆ ಟ್ರ್ಯಾಕಿನಲ್ಲಿ ದೇಶದ ಮೊದಲ ಫಾರ್ಮುಲಾ ಒನ್ ರೇಸು ನಡೀತು. ಗೆದ್ದ ವೆಟ್ಟೆಲ್‌ಗೆ ಕಪ್ಪು ಕೊಟ್ಟವರು ಅಕ್ಕ ಮಾಯಾವತಿ. ಕೊಡೋ ಕೈ ನಮ್ಮದಾಗಿತ್ತು. ತಗೊಳ್ಳೋ ಕೈ ಯಾವಾಗ?

ಕಡೆಗೆ ಒಂದು ಮಾತು. ಮೊನ್ನೆ ಭಾನುವಾರ ಹುಡುಗ ಲಾರಿ ಓಡಿಸೋ ಆಟ ಹಾಕಿಕೊಟ್ಟ. ಟ್ರೇಲರ್ ಹಿಂದಕ್ಕೆ ತಗೊಂಡು ನಿಲ್ಲಿಸಬೇಕು. ಮೂವತ್ತು ಸಲ ಗೋಡೆಗೆ ಹೊಡೆದೆ. ಯಾರೂ ಇಳಿ ಅನ್ನಲಿಲ್ಲ. ಆಮೇಲೆ ಸರಿಯಾಗಿ ನಿಂತಿತು. ನನಗೆ ಈ ವಯಸ್ಸಿನಲ್ಲಿ ಅದರಿಂದ ನೌಕರಿ ಸಿಗೋದಿಲ್ಲ ಬಿಡ್ರಿ. ಆದರೂ ತಂಗಿ ಕಡೆ ಮಾರಿ ತಿರುಗಿಸಿ ಕಣ್ಣು ಒರೆಸಿಕೊಂಡೆ.

ಹಿಂಗಾಗಿ ನನ್ನ ಬೇಡಿಕೆ ಇದು. ನೀರಿಗೂ ಹೋರಾಡೋಣ, ಕೇಸಿಗೂ ಓಡಾಡೋಣ. ಅದರ ಜೊತೆ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ಲುಗಳ ಕಂಪ್ಯೂಟರ್ ಕೋಣೆಯಲ್ಲಿ ಒಂದೊಂದು ಸ್ಟೇರಿಂಗ್, ಪೆಡಲ್ ಕೂಡಿಸಲಿ ಅಂತ ಮನವಿ ಬರೆಯೋಣ. ಚಾಲಕ ಪರೀಕ್ಷೆಗೆ ಹೋಗೋನೂ ಕಲೀಲಿ, ರೇಸಿನ ಕನಸು ಕಾಣೋಳೂ ಕಲೀಲಿ. ಮನವಿ ಟೈಪ್ ಮಾಡೋದು ನನ್ನ ಕೆಲಸ, ಕ್ಲರ್ಕ್ ಇದ್ದೀನಲ್ಲ. ಸಹಿ ಹಾಕಾಕ ನೀವು ಬರ್ರಿ. ನಕ್ಕವರೂ ಬರ್ರಿ.

ಜೈ ಭೀಮ್.