ಹಳೆಯ ಎಂಜಿನ್ ದೂರ ಓಡಬೇಕು

ಸೂರತ್‌ನ ಕತಾರ್‌ಗಾಮ್‌ನಲ್ಲಿ ವಜ್ರ ಉಜ್ಜುವ ಮೇಜಿಗೆ ಘಂಟಿ ಎನ್ನುತ್ತಾರೆ. ಅದರ ಚಕ್ರ ನೋಡಲು ಹೊಸದರಂತಿದೆಯೇ ಎಂದು ಅಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಗಂಟೆಗಟ್ಟಲೆ ತಿರುಗಿದ ಮೇಲೂ ಅದುರದೆ ನಿಲ್ಲುತ್ತದೆಯೇ ಎಂಬುದೊಂದೇ ಪ್ರಶ್ನೆ. ಈ ಸಾದಾ ಅಳತೆಗೋಲನ್ನು ವಿಂಟೇಜ್ ಕಾರುಗಳ ಲೋಕ ಮರೆತಂತಿದೆ. ಅಲ್ಲಿ ಕಣ್ಣು ಹೋಗುವುದು ಕ್ರೋಮಿನ ಹೊಳಪಿಗೆ, ಬಣ್ಣಕ್ಕೆ, ಸೀಟಿನ ಚರ್ಮಕ್ಕೆ. ಎಂಜಿನ್ನು ಲಾರಿಯಿಂದ ಇಳಿದು ಹುಲ್ಲುಹಾಸಿನವರೆಗೆ ಕಾರನ್ನು ತಂದರೆ ಸಾಕು, ಅದರ ಕೆಲಸ ಮುಗಿಯಿತು.

ಅದೇ ಗುಜರಾತಿನ ಒಂದು ಕುಟುಂಬ ಇದಕ್ಕೆ ತಿರುಗೇಟು ಕೊಟ್ಟಿದೆ. ಅಹಮದಾಬಾದಿನ ದಮನ್ ಠಾಕೋರ್ ತಮ್ಮ ತಂದೆ ಮತ್ತು ಮಗಳ ಜೊತೆ 2023ರ ಆಗಸ್ಟ್‌ನಲ್ಲಿ 1950ರ ಎಂಜಿ ವೈಟಿ ಕಾರಿನಲ್ಲಿ ಹೊರಟರು. ಮನೆಯವರು ಅದನ್ನು ಕರೆಯುವುದು ಲಾಲ್ ಪರಿ ಎಂದು. ಸಮುದ್ರವನ್ನು ಹಡಗಿನಲ್ಲಿ ದಾಟಿಸಿ, ಇರಾನ್, ಟರ್ಕಿ, ಯುರೋಪ್ ಹಾದು ಅಕ್ಟೋಬರ್ ಕೊನೆಯಲ್ಲಿ ಇಂಗ್ಲೆಂಡಿನ ಅಬಿಂಗ್ಡನ್ ತಲುಪಿದರು. ಆ ಕಾರು ಹುಟ್ಟಿದ್ದು ಅಲ್ಲೇ. ಸುಮಾರು 13,500 ಕಿಲೋಮೀಟರ್. ಕಾರಿನ ಒಳಗಿರುವುದು 1,250 ಸಿಸಿಯ, ನಾಲ್ಕು ಸಿಲಿಂಡರಿನ, 54 ಅಶ್ವಶಕ್ತಿಯ ಎಂಜಿನ್. ಇಂದಿನ ಸಣ್ಣ ಕಾರೂ ಅದಕ್ಕಿಂತ ಬಲಶಾಲಿ. ವೈಟಿ ಒಟ್ಟು ತಯಾರಾದದ್ದೇ 877.

ಪತ್ರಿಕೆಗಳು ಇದನ್ನು ಸಾಹಸವೆಂದು ಬರೆದವು. ಸಾಹಸವೇನೋ ಹೌದು, ಆದರೆ ಅದಕ್ಕಿಂತ ಮುಖ್ಯವಾಗಿ ಅದೊಂದು ಪರೀಕ್ಷೆ. ಹತ್ತು ನಿಮಿಷ ಓಡುವ ಎಂಜಿನ್ ಸುಳ್ಳು ಹೇಳಬಲ್ಲದು. ಮೂರು ಗಂಟೆಯ ನಂತರ ಅದು ಬಾಯಿ ಬಿಡುತ್ತದೆ. ಎಣ್ಣೆ ಕಾದು ತೆಳುವಾಗಿ, ಸವೆದ ಬೇರಿಂಗ್ ಇದ್ದರೆ ಒತ್ತಡದ ಮುಳ್ಳು ಇಳಿಯತೊಡಗುತ್ತದೆ. ಸಿಲಿಂಡರುಗಳ ಸುತ್ತ ನೀರು ಹರಿಯುವ ದಾರಿಯಲ್ಲಿ ದಶಕಗಳಿಂದ ಕೂತ ಕೆಸರು ಏರುದಾರಿಯಲ್ಲಿ ತನ್ನ ಇರವನ್ನು ತೋರಿಸುತ್ತದೆ. ಬಿಸಿಗೆ ಪೈಪಿನೊಳಗೇ ಪೆಟ್ರೋಲ್ ಆವಿಯಾಗಿ ಕಾರು ನಡುರಸ್ತೆಯಲ್ಲಿ ಕೆಮ್ಮಿ ನಿಲ್ಲುತ್ತದೆ. ಇವ್ಯಾವುವೂ ಶೆಡ್ಡಿನಲ್ಲಿ ಕಾಣಸಿಗವು.

ಈ ಮಾತು ಹೊಸದಲ್ಲ. 1907ರಲ್ಲಿ ರೋಲ್ಸ್‌ರಾಯ್ಸ್ ತನ್ನ ಸಿಲ್ವರ್ ಘೋಸ್ಟನ್ನು ಲಂಡನ್ ಮತ್ತು ಗ್ಲಾಸ್ಗೋ ನಡುವೆ ಓಡಿಸುತ್ತಲೇ ಹೋಗಿ 15,000 ಮೈಲಿ ಮುಗಿಸಿತು. 629ನೇ ಮೈಲಿಯಲ್ಲಿ ಪೆಟ್ರೋಲಿನ ನಲ್ಲಿ ಅದುರಿ ತಾನಾಗಿ ಮುಚ್ಚಿಕೊಂಡು ಒಂದು ನಿಮಿಷ ನಿಂತದ್ದು ಬಿಟ್ಟರೆ, ಬೇಡವೆಂದರೂ ನಿಂತ ಪ್ರಸಂಗವಿಲ್ಲ. ಅಲ್ಲಿಗೇ ಮುಗಿಸಿದ್ದರೆ ಅದು ಬರೀ ಜಾಹೀರಾತಾಗುತ್ತಿತ್ತು. ಮುಗಿಸಲಿಲ್ಲ. ಮೂರನೆಯವರಾದ ರಾಯಲ್ ಆಟೊಮೊಬೈಲ್ ಕ್ಲಬ್ಬಿನವರ ಮುಂದೆ ಕಾರನ್ನು ಬಿಚ್ಚಿ ಅಳೆಸಿತು. ಮತ್ತೆ ಹೊಸದರಂತೆ ಮಾಡಲು ಬೇಕಾದ ಭಾಗಗಳ ಬೆಲೆ 2 ಪೌಂಡ್ 2 ಷಿಲಿಂಗ್ 7 ಪೆನ್ಸ್. ಮರುವರ್ಷ ಅದೇ ಮಾದರಿಯ ಕಾರೊಂದು ನಮ್ಮ ಪಕ್ಕದ ಕೊಲ್ಹಾಪುರಕ್ಕೂ ಬಂತು. 1908ರ ಮುಂಬೈ–ಕೊಲ್ಹಾಪುರ ಟ್ರಯಲ್, ಪಶ್ಚಿಮ ಘಟ್ಟದ ಏರಿಳಿತಗಳ ಮೇಲೆ 620 ಮೈಲಿ.

ಆದರೆ ಇಂದು ಈ ದೇಶದಲ್ಲಿ ಅಂಥ ಓಟಕ್ಕೆ ಜಾಗವೆಲ್ಲಿ? 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. ಐವತ್ತು ವರ್ಷ ದಾಟಿ ಮೂಲ ರೂಪದಲ್ಲೇ ಉಳಿದ ವಾಹನಕ್ಕೆ 'ವಿಎ' ಅಕ್ಷರಗಳ ಪ್ರತ್ಯೇಕ ನಂಬರು, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಗುಜರಿಯ ಭಯದಲ್ಲಿದ್ದವರಿಗೆ ಇದರಿಂದ ನೆಮ್ಮದಿ ಸಿಕ್ಕಿತು. ಅದಕ್ಕೆ ಕೃತಜ್ಞತೆ ಸಲ್ಲಲೇಬೇಕು. ತೊಡಕಿರುವುದು ರಸ್ತೆಯ ವಿಚಾರದಲ್ಲಿ. ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ನಿರ್ವಹಣೆ, ಇಷ್ಟಕ್ಕೆ ಮಾತ್ರ ಹೊರಗೆ ತರಬಹುದು.

ಹಾಗಾದರೆ ಎಂಜಿನ್ ಬಿಚ್ಚಿ ಕಟ್ಟಿದವರು ಅದನ್ನು ಪರೀಕ್ಷಿಸಲು ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗಿ ಬಂದರೆ ಅದು ಏನು? ನಿರ್ವಹಣೆಯೋ, ವಿಹಾರವೋ? ನಿರ್ವಹಣೆ ಎಂದರೆ ಗ್ಯಾರೇಜಿಗೆ ಹೋಗಿಬರುವುದಷ್ಟೇ ಎಂದು ಓದುವ ಅಧಿಕಾರಿ ತಪ್ಪು ಮಾಡಿದಂತೇನೂ ಆಗದು. ಆ ಪದ ಅಷ್ಟು ಸಡಿಲ. ಆದರೆ ಯಂತ್ರದ ಅರ್ಥದಲ್ಲಿ ಓಡಿಸುವುದೇ ನಿರ್ವಹಣೆ. ನಿಂತ ಎಂಜಿನ್ನಿನಲ್ಲಿ ಪೆಟ್ರೋಲ್ ಅಂಟಾಗುತ್ತದೆ, ಸೀಲು ಒಣಗುತ್ತದೆ, ಎಣ್ಣೆ ಜಾರಿಹೋದ ಸಿಲಿಂಡರಿನ ಗೋಡೆ ತುಕ್ಕು ಹಿಡಿಯುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೇರೆ. ಆ ಕಾಲದ ರಬ್ಬರು ಅದನ್ನು ಸಹಿಸುವಂಥದ್ದಲ್ಲ, ಕಾರ್ಬ್ಯುರೇಟರಿನ ಹದವೂ ತಪ್ಪುತ್ತದೆ. ಸರಿಪಡಿಸಿದ್ದು ಸರಿಯಾಗಿದೆಯೇ ಎಂದು ತಿಳಿಯಲು ರಸ್ತೆಯಲ್ಲದೆ ಬೇರೆ ದಾರಿಯಿಲ್ಲ.

ಓಡಿಸಿದರೆ ಸವೆಯುತ್ತದೆ ಎಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ಜಗತ್ತಿನಲ್ಲಿ ಒಂದೇ ಉಳಿದಿರುವ ಕಾರನ್ನು ಹೆದ್ದಾರಿಗೆ ಇಳಿಸುವುದು ಹುಂಬತನ. ಅದಕ್ಕೆ ಶ್ರೀರಂಗಪಟ್ಟಣದ ಬಳಿಯ 'ಪಯಣ'ದಂಥ ಸಂಗ್ರಹಾಲಯವೇ ತಕ್ಕ ಜಾಗ. ಆದರೆ ಲಾಲ್ ಪರಿಯಂಥ ಕಾರುಗಳ ಎಂಜಿನ್ ಭಾಗಗಳನ್ನು ಈಗಲೂ ಮಾಡುವವರಿದ್ದಾರೆ. ಸವೆದದ್ದನ್ನು ಬದಲಿಸಬಹುದು.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ದೂರದ ಪರೀಕ್ಷಾ ಓಟವೂ ನಿರ್ವಹಣೆಯೇ ಎಂದು ಸಾರಿಗೆ ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ದುರುಪಯೋಗದ ಅನುಮಾನವಿದ್ದರೆ ವರ್ಷಕ್ಕೆ ಇಷ್ಟು ಕಿಲೋಮೀಟರ್ ಎಂದು ಮಿತಿ ಹಾಕಲಿ. ಕಾರಿನಲ್ಲಿ ಲಾಗ್ ಪುಸ್ತಕ ಕಡ್ಡಾಯವಾಗಲಿ: ಎಲ್ಲಿಂದ ಎಲ್ಲಿಗೆ, ಎಷ್ಟು ಪೆಟ್ರೋಲ್, ಎಷ್ಟು ಎಣ್ಣೆ, ರೇಡಿಯೇಟರಿಗೆ ಸುರಿದ ನೀರು, ಬಿಸಿಯಲ್ಲಿ ಎಣ್ಣೆಯ ಒತ್ತಡ, ಎಲ್ಲಿ ನಿಂತಿತು, ಯಾಕೆ ನಿಂತಿತು.